ಮನೆಯ ಯೋಗದ ಮೂಲೆಗೆ ಯಾವ ಗಿಡ? ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾಟ್ ಹಾಸುವ ಜಾಗದಲ್ಲಿ ಒಂದೆರಡು ಗಿಡ ಇರಬೇಕು, ಆದರೆ ದಿನಾ ಅದರ ಸೇವೆ ಮಾಡುತ್ತಾ ಕೂರಲು ಆಗುವುದಿಲ್ಲ ಅನ್ನುವವರಿಗಾಗಿ ಇದು. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರು, ಮೈಸೂರಿನ ಮನೆಗಳವು. ಕರಾವಳಿ ಮತ್ತು ಉತ್ತರ ಕರ್ನಾಟಕದವರಿಗೆ ಕೊನೆಯ ಕಡೆ ಬೇರೆಯಾಗಿ ಬರೆದಿದ್ದೇನೆ.

ಇಷ್ಟೆಲ್ಲ ಓದೋಕೆ ಟೈಮ್ ಇಲ್ಲ. ಒಂದು ಗಿಡದ ಹೆಸರು ಹೇಳಿ ಸಾಕು.

ಸ್ನೇಕ್ ಪ್ಲಾಂಟ್. ಎರಡನೆಯದು ಬೇಕೆಂದರೆ ಝೀಝೀ ಪ್ಲಾಂಟ್. ಮನೆಯಲ್ಲಿ ಬೆಕ್ಕು, ನಾಯಿ ಅಥವಾ ಸಿಕ್ಕಿದ್ದೆಲ್ಲ ಬಾಯಿಗೆ ಹಾಕಿಕೊಳ್ಳುವ ಮಗು ಇದ್ದರೆ ಇವೆರಡೂ ಬೇಡ, ಸ್ಪೈಡರ್ ಪ್ಲಾಂಟ್ ಇಲ್ಲವೇ ಅರೆಕಾ ಪಾಮ್ ತನ್ನಿ. ಆದರೆ ನರ್ಸರಿಗೆ ಹೋಗುವ ಮುಂಚೆ ಕೆಳಗಿನ ಬೆಳಕಿನ ಪ್ರಶ್ನೆಯನ್ನಾದರೂ ಓದಿಕೊಳ್ಳಿ. ಮನೆಯೊಳಗಿನ ಗಿಡಗಳು ಹಾಳಾಗುವುದು ಹೆಚ್ಚಾಗಿ ಎರಡೇ ಕಾರಣಕ್ಕೆ, ಬೆಳಕು ಸಾಲದೆ ಅಥವಾ ನೀರು ಜಾಸ್ತಿಯಾಗಿ.

ನಮ್ಮ ರೂಮಿನಲ್ಲಿ ಸಾಕಷ್ಟು ಬೆಳಕಿದೆಯಾ ಅಂತ ತಿಳಿಯೋದು ಹೇಗೆ?

ಕಣ್ಣನ್ನು ನಂಬಬೇಡಿ. ಕಣ್ಣು ಮಬ್ಬಿಗೆ ಬೇಗ ಒಗ್ಗಿಕೊಳ್ಳುತ್ತದೆ, ಗಿಡ ಒಗ್ಗುವುದಿಲ್ಲ. ಕೈಯ ನೆರಳು ನೋಡಿ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಲೈಟೆಲ್ಲ ಆರಿಸಿ, ಗಿಡ ಇಡಬೇಕೆಂದಿರುವ ಜಾಗದಲ್ಲಿ ಒಂದು ಬಿಳಿ ಹಾಳೆ ಹಾಕಿ, ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಚಾಚಿ. ಬೆರಳುಗಳು ಬಿಡಿ ಬಿಡಿಯಾಗಿ ಕಾಣುವ ಹಾಗೆ ನೆರಳು ಬಿದ್ದರೆ ಒಳ್ಳೆಯ ಬೆಳಕು, ಬಹುತೇಕ ಎಲ್ಲ ಒಳಾಂಗಣ ಗಿಡಗಳೂ ಅಲ್ಲಿ ಬರುತ್ತವೆ. ಕೈ ಅಂತ ಗೊತ್ತಾಗುತ್ತದೆ, ಆದರೆ ಅಂಚು ಮಸುಕಾಗಿದೆ ಅಂದರೆ ಮಧ್ಯಮ. ಮನಿ ಪ್ಲಾಂಟ್, ಸ್ಪೈಡರ್ ಪ್ಲಾಂಟ್, ಅಗ್ಲೋನಿಮಾ ಅಲ್ಲಿ ಆರಾಮಾಗಿರುತ್ತವೆ. ನೆರಳು ಇದೆಯೋ ಇಲ್ಲವೋ ಅನ್ನುವ ಹಾಗಿದ್ದರೆ ಸ್ನೇಕ್ ಪ್ಲಾಂಟ್, ಝೀಝೀ ಎರಡೇ. ಅವೂ ಅಲ್ಲಿ ಹೆಚ್ಚು ಬೆಳೆಯುವುದಿಲ್ಲ, ಜೀವ ಹಿಡಿದುಕೊಂಡಿರುತ್ತವೆ ಅಷ್ಟೆ. "ಕತ್ತಲಲ್ಲೂ ಬೆಳೆಯುತ್ತೆ ಸಾರ್" ಅಂತ ಮಾರುವವರು ಹೇಳಿದರೆ ಅರ್ಧ ಮಾತ್ರ ನಂಬಿ.

ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಬಿಲ್ಡಿಂಗು ನಾಲ್ಕಡಿ ದೂರದಲ್ಲೇ ಎದ್ದು ನಿಂತಿರುತ್ತದೆ. ಹಾಗಾಗಿ ಕಿಟಕಿ ಇದೆ ಅಂದ ಮಾತ್ರಕ್ಕೆ ಬೆಳಕಿದೆ ಅಂತಲ್ಲ. ಕಿಟಕಿಯ ಹತ್ತಿರ ಚೆನ್ನಾಗಿ ಬಿದ್ದ ನೆರಳು ಐದಾರು ಅಡಿ ಒಳಗೆ ಬಂದರೆ ಮಾಯವಾಗಿರಬಹುದು. ಗಿಡ ಇಡುವ ಜಾಗದಲ್ಲೇ ಪರೀಕ್ಷೆ ಮಾಡಿ.

ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ ಅಂತ ಎಲ್ಲ ಕಡೆ ಬರೆದಿರ್ತಾರೆ. ನಮ್ಮನೇಲಿ ಮೇ ತಿಂಗಳಲ್ಲಿ ಬರುತ್ತಲ್ಲ?

ಹಾಗೆ ಬರೆದವರು ಯುರೋಪು, ಅಮೆರಿಕದಲ್ಲಿ ಕೂತು ಬರೆದಿರುತ್ತಾರೆ, ಅವರಿಗೆ ಅದು ಬಹುಮಟ್ಟಿಗೆ ಸರಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಮತ್ತೆ ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದೇ. ಈ ಎರಡು ದಿನಗಳ ನಡುವೆ ಸೂರ್ಯ ನಮಗೆ ಉತ್ತರದ ಕಡೆ ವಾಲಿ ಹೋಗುತ್ತಾನೆ. ಅದಕ್ಕೇ ಮೇ ತಿಂಗಳಲ್ಲಿ ಬೆಳಗ್ಗೆ ಸಂಜೆ ಉತ್ತರದ ಕಿಟಕಿಯಿಂದ ಓರೆ ಬಿಸಿಲು ಒಳಗೆ ಬರುವುದು. ಜೂನ್ ದಾಟಿದರೆ ಮೋಡ, ಆಮೇಲೆ ಚಿಂತೆಯಿಲ್ಲ. ಡಿಸೆಂಬರಿನಲ್ಲಿ ಇದರ ಉಲ್ಟಾ, ದಕ್ಷಿಣದ ಕಿಟಕಿಗೆ ಬಿಸಿಲು ಬರುತ್ತದೆ.

ಇದರಿಂದ ಗಿಡಕ್ಕೇನು ಅಂದರೆ, ವರ್ಷಪೂರ್ತಿ ನೆರಳಲ್ಲಿದ್ದ ಅಗ್ಲೋನಿಮಾಗೆ ಮೇನಲ್ಲಿ ಇದ್ದಕ್ಕಿದ್ದಂತೆ ಬಿಸಿಲು ಹೊಡೆದರೆ ಎಲೆಯ ಮೇಲೆ ಸುಟ್ಟ ಹಾಗೆ ಮಚ್ಚೆ ಬೀಳುತ್ತದೆ. ರೋಗ ಅಂತ ಔಷಧಿ ಹೊಡೆಯಬೇಡಿ. ಕುಂಡವನ್ನು ಎರಡಡಿ ಒಳಗೆ ಎಳೆದುಕೊಳ್ಳಿ.

ನಾಲ್ಕು ದಿಕ್ಕಿನಲ್ಲಿ ಪೂರ್ವದ ಕಿಟಕಿಯೇ ಗಿಡಕ್ಕೂ ಯೋಗಕ್ಕೂ ಒಳ್ಳೆಯದು. ಎಳೆ ಬಿಸಿಲು, ಸುಡುವುದಿಲ್ಲ. ಒಂದೇ ಮಾತು: ಸೂರ್ಯನಮಸ್ಕಾರಕ್ಕೆ ನೀವು ಪೂರ್ವಕ್ಕೆ ಮುಖ ಮಾಡಿ ನಿಲ್ಲುವವರಾದರೆ ಕಿಟಕಿಯ ನಡುವೆ ಎತ್ತರದ ಗಿಡ ಇಟ್ಟು ಆ ಬಿಸಿಲಿಗೆ ನೀವೇ ಅಡ್ಡ ಹಾಕಿಕೊಳ್ಳಬೇಡಿ, ಪಕ್ಕಕ್ಕಿಡಿ. ಪಶ್ಚಿಮದ ಕಿಟಕಿ ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ ಕಾದು ಹೋಗುತ್ತದೆ, ತೆಳು ಪರದೆ ಬೇಕು.

ಸ್ನೇಕ್ ಪ್ಲಾಂಟನ್ನೇ ಯಾಕೆ ಎಲ್ಲರೂ ಹೇಳ್ತಾರೆ?

ಮೂರು ಕಾರಣ. ಒಂದು, ಅದು ಅಗಲಕ್ಕೆ ಹರಡುವುದಿಲ್ಲ, ಮೇಲಕ್ಕೆ ನೆಟ್ಟಗೆ ಹೋಗುತ್ತದೆ. ಒಂದಡಿ ಜಾಗ ಇದ್ದರೂ ಸಾಕು, ಕೈಕಾಲು ಚಾಚುವವರಿಗೆ ಇದು ದೊಡ್ಡ ಅನುಕೂಲ. ಎರಡು, ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ, ಮರೆತರೂ ಮುನಿಸಿಕೊಳ್ಳುವುದಿಲ್ಲ. ಮೂರು, ಎಲೆ ಉದುರಿಸಿ ಕಸ ಮಾಡುವುದಿಲ್ಲ.

ನೀರು ಎಷ್ಟು ದಿನಕ್ಕೆ ಅಂತ ಕೇಳಬೇಡಿ, ಮಣ್ಣನ್ನು ಕೇಳಿ. ತೋರು ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ತೆಗೆಯಿರಿ. ಬೆರಳಿಗೆ ತೇವ ತಾಗಿದರೆ, ಮಣ್ಣು ಅಂಟಿಕೊಂಡರೆ ಸುಮ್ನೆ ಬನ್ನಿ. ಪುಡಿ ಪುಡಿಯಾಗಿ ಉದುರಿದರೆ ಇನ್ನೂ ನಾಲ್ಕು ದಿನ ಬಿಟ್ಟು ನೀರು ಹಾಕಿ, ಹಾಕುವಾಗ ಕೆಳಗಿನ ತೂತಿನಿಂದ ನೀರು ಬರುವವರೆಗೆ ಹಾಕಿ. ಸಾಮಾನ್ಯವಾಗಿ ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಂದರೂ ಆಶ್ಚರ್ಯವಿಲ್ಲ. ಎಲೆ ಬುಡದಲ್ಲಿ ಹಳದಿಯಾಗಿ, ಮುಟ್ಟಿದರೆ ಮೆತ್ತಗಾಗಿದ್ದರೆ ನೀರು ಜಾಸ್ತಿಯಾಗಿ ಕೊಳೆಯುತ್ತಿದೆ ಅಂತ ಅರ್ಥ. ಎಲೆಗೆ ಉದ್ದಕ್ಕೆ ಸುಕ್ಕು ಬಿದ್ದಿದ್ದರೆ ಬಾಯಾರಿದೆ. ಎಲೆಗಳ ನಡುವಿನ ಸುಳಿಗೆ ನೀರು ಸುರಿಯಬೇಡಿ, ಅಲ್ಲಿ ನಿಂತರೂ ಕೊಳೆಯುತ್ತದೆ.

ಜಾತಿಗಳಲ್ಲಿ ಹಳದಿ ಅಂಚಿನ ಉದ್ದದ್ದು ಎಲ್ಲ ಕಡೆ ಸಿಗುತ್ತದೆ. ಕುಳ್ಳ ಜಾತಿಯದು ಟೀಪಾಯಿ, ಕಿಟಕಿ ಕಟ್ಟೆಗೆ ಸರಿ. ಆದರೆ ಕೋಲಿನ ಹಾಗೆ ಗುಂಡಗೆ ಇರುವ ಸಿಲಿಂಡ್ರಿಕಾ ಜಾತಿಯ ತುದಿ ಗಟ್ಟಿ, ಚೂಪು. ಬಾಗುವ, ಏಳುವ ಜಾಗದ ಪಕ್ಕ ಅದು ಬೇಡ, ಕಣ್ಣಿಗೆ ಅಪಾಯ. ಇನ್ನೊಂದು, ಹಳದಿ ಅಂಚಿನ ಗಿಡದ ಎಲೆ ತುಂಡು ಮಾಡಿ ನೆಟ್ಟರೆ ಬರುವ ಮರಿಗೆ ಹಳದಿ ಅಂಚು ಇರುವುದಿಲ್ಲ, ಬರೀ ಹಸಿರು. ಅಂಚು ಬೇಕಿದ್ದರೆ ಬುಡದಿಂದ ಮರಿ ಬಿಡಿಸಿ ನೆಡಿ.

ಝೀಝೀ ಪ್ಲಾಂಟ್ ಬಗ್ಗೆ ಹೇಳಿ.

ಪೂರ್ವ ಆಫ್ರಿಕಾದ ಗಿಡ, ಒಣ ಕಾಲ ದಾಟುವುದು ಅದಕ್ಕೆ ಅಭ್ಯಾಸ. ಕುಂಡದಿಂದ ಎತ್ತಿ ನೋಡಿದರೆ ಮಣ್ಣೊಳಗೆ ಆಲೂಗಡ್ಡೆ ಥರ ಗೆಡ್ಡೆಗಳು ಕಾಣುತ್ತವೆ, ನೀರೆಲ್ಲ ಅಲ್ಲಿರುತ್ತದೆ. ಸ್ನೇಕ್ ಪ್ಲಾಂಟಿಗಿಂತಲೂ ಕಡಿಮೆ ನೀರು ಹಾಕಿದರೂ ನಡೆಯುತ್ತದೆ. ಬೆಳೆಯುವುದು ಬಹಳ ನಿಧಾನ, ವರ್ಷಕ್ಕೆ ಕೆಲವೇ ಹೊಸ ಕಡ್ಡಿ. ಹಾಗಾಗಿ ಚಿಕ್ಕದು ತಂದು ದೊಡ್ಡದಾಗಲಿ ಅಂತ ಕಾಯುವ ಬದಲು ನಿಮಗೆ ಬೇಕಾದ ಗಾತ್ರದ್ದನ್ನೇ ತನ್ನಿ. ಎಲೆ ಹೊಳೆಯುತ್ತದೆ, ಅದರ ಮೇಲೆ ಧೂಳೂ ಅಷ್ಟೇ ಚೆನ್ನಾಗಿ ಕಾಣುತ್ತದೆ.

ಮನಿ ಪ್ಲಾಂಟ್ ಕದ್ದು ತಂದರೆ ಮಾತ್ರ ಬೆಳೆಯುತ್ತೆ ಅಂತಾರೆ, ನಿಜವಾ?

ಗಿಣ್ಣು ಇರುವ ತುಂಡು ತಂದರೆ ಬೆಳೆಯುತ್ತದೆ, ಕದ್ದರೂ ಸರಿ, ಕೇಳಿ ತಂದರೂ ಸರಿ. ಪಕ್ಕದ ಮನೆಯ ಆಂಟಿಯನ್ನು ಕೇಳಿದರೆ ಖುಷಿಯಿಂದ ಎರಡು ಕಡ್ಡಿ ಜಾಸ್ತಿಯೇ ಕೊಡುತ್ತಾರೆ. ಎಲೆಯ ತೊಟ್ಟು ಬಳ್ಳಿಗೆ ಸೇರುವ ಕಡೆ ಕಂದು ಬಣ್ಣದ ಸಣ್ಣ ಗುಬುಟು ಇರುತ್ತದೆ ನೋಡಿ, ಬೇರು ಬರುವುದು ಅಲ್ಲಿಂದ. ಅದು ಇಲ್ಲದ ಬರೀ ಎಲೆಯನ್ನು ನೀರಲ್ಲಿಟ್ಟರೆ ತಿಂಗಳುಗಟ್ಟಲೆ ಹಸಿರಾಗಿರಬಹುದು, ಬಳ್ಳಿಯಂತೂ ಆಗುವುದಿಲ್ಲ.

ಯೋಗದ ಜಾಗದಲ್ಲಿ ಇದನ್ನು ನೆಲದ ಮೇಲೆ ಹರಿಯಲು ಬಿಡಬೇಡಿ, ಕಾಲಿಗೆ ಸಿಕ್ಕುತ್ತದೆ. ಗೋಡೆಯ ಶೆಲ್ಫಿನ ಮೇಲಿಟ್ಟು, ಉದ್ದವಾದಾಗ ಕತ್ತರಿಸಿ ಅದೇ ಕುಂಡಕ್ಕೆ ಸಿಕ್ಕಿಸಿ. ಬಳ್ಳಿ ಬೋಳಾಗದೆ ಪೊದೆ ಥರ ತುಂಬಿಕೊಳ್ಳುತ್ತದೆ.

ನೀರಿನ ಬಾಟಲಿಯಲ್ಲಿ ಮನಿ ಪ್ಲಾಂಟ್, ಲಕ್ಕಿ ಬ್ಯಾಂಬೂ ಇಡಬಹುದಾ? ಮಣ್ಣಿನ ರಗಳೆಯೇ ಇರಲ್ಲ ಅಲ್ವಾ?

ಇಡಬಹುದು, ಆದರೆ ಸೊಳ್ಳೆಯನ್ನು ಮರೆಯಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದೇ ಇಂಥ ನಿಂತ ತಿಳಿ ನೀರಿನಲ್ಲಿ, ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ, ಬಾಟಲಿಯ ಒಳಗೋಡೆ ಉಜ್ಜಿ, ಹೊಸ ನೀರು ತುಂಬಬೇಕು. ಮೇಲಿಂದ ಸ್ವಲ್ಪ ಸೇರಿಸಿದರೆ ಆಗುವುದಿಲ್ಲ, ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಹಾಕುವ ನಿಯಮವನ್ನೂ ತಂದಿತು. ಕುಂಡದ ಕೆಳಗಿನ ತಟ್ಟೆಗೂ ಇದೇ ಮಾತು.

ವಾರ ವಾರ ನೀರು ಬದಲಿಸುವ ಕೆಲಸ ನೋಡಿದರೆ ನೀರಿನ ಗಿಡ ಕಡಿಮೆ ಕೆಲಸದ್ದು ಅಂತ ನಾನು ಹೇಳುವುದಿಲ್ಲ. ಮಣ್ಣೇ ವಾಸಿ. ಶವಾಸನದಲ್ಲಿ ಮಲಗಿದಾಗ ಕಿವಿಯ ಹತ್ತಿರ ಸೊಳ್ಳೆ ಗುಂಯ್ ಅಂದರೆ ಗಿಡ ಇಟ್ಟು ಬಂದ ಭಾಗ್ಯ ಏನು? ಅಂದಹಾಗೆ ಲಕ್ಕಿ ಬ್ಯಾಂಬೂ ಬಿದಿರೇ ಅಲ್ಲ, ಡ್ರಸೀನಾ ಜಾತಿ.

ಪ್ರಾಣಾಯಾಮ ಮಾಡುವಾಗ ಜಾಸ್ತಿ ಆಮ್ಲಜನಕ ಸಿಗಲಿ ಅಂತ ಗಿಡ ಇಡ್ತಿದ್ದೀನಿ. ಎಷ್ಟು ಬೇಕು?

ಆಮ್ಲಜನಕಕ್ಕಾಗಿ ಆದರೆ ಇಡಲೇಬೇಡಿ, ಕಿಟಕಿ ತೆಗೆಯಿರಿ. ನೇರವಾಗಿ ಹೇಳುತ್ತಿದ್ದೇನೆ, ಬೇಜಾರಾಗಬೇಡಿ. ಒಬ್ಬ ಮನುಷ್ಯ ದಿನಕ್ಕೆ ಹತ್ತಿರ ಹತ್ತಿರ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ. ಕುಂಡದಲ್ಲಿರುವ ಒಂದು ಗಿಡ ಹೀರಿಕೊಳ್ಳುವುದು ಅದರ ಮುಂದೆ ಲೆಕ್ಕಕ್ಕಿಲ್ಲ.

"ನಾಸಾ ಹೇಳಿದೆ" ಅಂತ ಪ್ರತಿ ನರ್ಸರಿ ಜಾಹೀರಾತಿನಲ್ಲೂ ಬರುತ್ತದಲ್ಲ, ಅದು 1989ರ ಅಧ್ಯಯನ. ಬಿಲ್ ವೊಲ್ವರ್ಟನ್ ಮತ್ತು ಜೊತೆಗಾರರು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯೊಳಗೆ ಗಿಡ ಇಟ್ಟು, ಬೆಂಜೀನ್, ಫಾರ್ಮಾಲ್ಡಿಹೈಡ್ ಥರದ ವಿಷಗಾಳಿ ಎಷ್ಟು ಕಡಿಮೆಯಾಗುತ್ತದೆ ಅಂತ ನೋಡಿದ್ದರು. ಅಲ್ಲಿ ಕಡಿಮೆಯಾಗಿದ್ದು ನಿಜ. ಆದರೆ ನಮ್ಮ ಮನೆ ಮುಚ್ಚಿದ ಪೆಟ್ಟಿಗೆಯಲ್ಲ, ಬಾಗಿಲ ಸಂದಿಯಿಂದಲೇ ಗಾಳಿ ಓಡಾಡುತ್ತಿರುತ್ತದೆ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂಥ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಸಾಮಾನ್ಯ ಗಾಳಿ ಸಂಚಾರ ಮಾಡುವಷ್ಟು ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಅಂತ ಬಂತು. ನಿಮ್ಮ ಮ್ಯಾಟೇ ಒಂದು ಚದರ ಮೀಟರಿಗಿಂತ ದೊಡ್ಡದು. ಹತ್ತು ಗಿಡ ಇಟ್ಟಮೇಲೆ ನೀವು ಎಲ್ಲಿ ಕೂರುತ್ತೀರಿ?

ಗಿಡ ಇಡುವುದು ಕಣ್ಣಿಗೆ. ಬೋಳು ಗೋಡೆ, ಟಿವಿ ವೈರು, ಇಸ್ತ್ರಿ ಬಟ್ಟೆ ರಾಶಿ ನೋಡುತ್ತಾ ವೃಕ್ಷಾಸನದಲ್ಲಿ ನಿಲ್ಲುವುದಕ್ಕಿಂತ ಒಂದು ಹಸಿರು ಎಲೆಯ ಮೇಲೆ ದೃಷ್ಟಿ ನೆಟ್ಟು ನಿಲ್ಲುವುದು ಸುಲಭ. ಅಷ್ಟು ಸಾಕಲ್ವಾ?

ರಾತ್ರಿ ಗಿಡಗಳು ಕೆಟ್ಟ ಗಾಳಿ ಬಿಡುತ್ತವಂತೆ. ರೂಮಲ್ಲಿ ಮಲಗೋದೂ ಅಲ್ಲೇ.

ಹುಣಸೆ ಮರದ ಕೆಳಗೆ ರಾತ್ರಿ ಮಲಗಬಾರದು ಅಂತ ಅಜ್ಜಿ ಹೇಳಿದ್ದು ನೆನಪಿರುತ್ತದೆ, ಅದರ ಮುಂದುವರಿದ ಭಾಗ ಇದು. ಗಿಡ ರಾತ್ರಿ ಉಸಿರಾಡುತ್ತದೆ, ನಿಜ. ಆದರೆ ಪಕ್ಕದಲ್ಲಿ ಮಲಗಿರುವ ನಿಮ್ಮ ಮನೆಯವರು ಬಿಡುವ ಉಸಿರಿನ ಮುಂದೆ ಅದು ಏನೇನೂ ಅಲ್ಲ. ಸ್ನೇಕ್ ಪ್ಲಾಂಟ್ ರಾತ್ರಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುತ್ತದೆ, ಒಣ ಪ್ರದೇಶದ ಗಿಡಗಳು ನೀರು ಉಳಿಸುವ ಉಪಾಯ ಅದು. ಅದನ್ನೇ ಹಿಡಿದುಕೊಂಡು "ರಾತ್ರಿಯಿಡೀ ಆಮ್ಲಜನಕ ಕೊಡುವ ಗಿಡ" ಅಂತ ಮಾರುತ್ತಾರೆ. ಆ ಹೊತ್ತಿನಲ್ಲಿ ಆಗುವುದು ಸಂಗ್ರಹ ಮಾತ್ರ, ಆಮ್ಲಜನಕ ಬರುವುದು ಹಗಲಲ್ಲಿ ಬೆಳಕು ಬಿದ್ದಾಗಲೇ.

ತುಳಸಿಯನ್ನೇ ಒಳಗಿಟ್ಟರೆ?

ಬೇಡ. ತುಳಸಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಒಳಗಿಟ್ಟರೆ ಕಡ್ಡಿಯಾಗಿ, ಎಲೆ ಉದುರಿ, ಒಣಗುತ್ತದೆ. ಆಮೇಲೆ ತುಳಸಿ ಒಣಗಿತು ಅಂತ ಮನೆಯವರಿಗೆಲ್ಲ ಮನಸ್ಸಿಗೆ ಕಿರಿಕಿರಿ. ಬಾಲ್ಕನಿಯಲ್ಲಿ ಇರಲಿ. ಲೋಳೆಸರ, ದೊಡ್ಡಪತ್ರೆಗೂ ಇದೇ ಉತ್ತರ, ಕಿಟಕಿ ಕಟ್ಟೆಯಲ್ಲಿ ಚೆನ್ನಾಗಿ ಬೆಳಕಿದ್ದರೆ ಮಾತ್ರ ಒಳಗೆ. ವೀಳ್ಯದೆಲೆ ಬಳ್ಳಿ ನೆರಳನ್ನು ಇಷ್ಟಪಡುತ್ತದೆ, ಆದರೆ ತೇವ ಕೇಳುತ್ತದೆ. ಕಡಿಮೆ ಕೆಲಸದ ಪಟ್ಟಿಗೆ ಅದು ಸೇರುವುದಿಲ್ಲ.

ಮ್ಯಾಟಿನ ಸುತ್ತ ಎಷ್ಟು ಜಾಗ ಬಿಡಬೇಕು?

ಮ್ಯಾಟ್ ಸುಮಾರು ಆರಡಿ ಉದ್ದ, ಎರಡಡಿ ಅಗಲ. ಆದರೆ ನೀವು ಅಷ್ಟರಲ್ಲೇ ಇರುವುದಿಲ್ಲ. ಮೊದಲು ಖಾಲಿ ಜಾಗದಲ್ಲಿ ಮ್ಯಾಟ್ ಹಾಸಿ, ನೀವು ದಿನಾ ಮಾಡುವುದನ್ನೆಲ್ಲ ಒಂದು ಸಲ ಮಾಡಿ. ತ್ರಿಕೋನಾಸನದಲ್ಲಿ ಕೈ ಎಲ್ಲಿಗೆ ಹೋಗುತ್ತದೆ, ವೀರಭದ್ರಾಸನದಲ್ಲಿ ಹಿಂದಿನ ಕಾಲು ಎಲ್ಲಿ, ಹಲಾಸನದಲ್ಲಿ ಕಾಲ್ಬೆರಳು ತಲೆಯ ಹಿಂದೆ ಎಷ್ಟು ದೂರ ಮುಟ್ಟುತ್ತದೆ, ನೋಡಿಕೊಳ್ಳಿ. ಸಾಮಾನ್ಯವಾಗಿ ಎರಡೂ ಬದಿಗೆ ಎರಡೆರಡು ಅಡಿ, ತಲೆಯ ಕಡೆ ಅದಕ್ಕಿಂತ ಜಾಸ್ತಿ ಬೇಕಾಗುತ್ತದೆ. ಶೀರ್ಷಾಸನ ಮಾಡುವವರಾದರೆ ನಿಮ್ಮ ಎತ್ತರದಷ್ಟು ದೂರದಲ್ಲಿ ಯಾವ ಕುಂಡವೂ ಇರಬಾರದು. ಬಿದ್ದರೆ ಕುಂಡದ ಕಥೆ ಹಾಗಿರಲಿ, ಬೆನ್ನಿನ ಕಥೆ ಏನು?

ಹಾಗಾಗಿ ಗಿಡ ಮೂಲೆಗೆ, ಅಥವಾ ಗೋಡೆಯ ಶೆಲ್ಫಿಗೆ. ಮ್ಯಾಟಿನ ಎರಡೂ ಕಡೆ ಸಾಲಾಗಿ ಕುಂಡ ಜೋಡಿಸುವುದು ಫೋಟೋದಲ್ಲಿ ಮಾತ್ರ ಚೆನ್ನ. ತಲೆಯ ಮೇಲೆ ನೇತು ಹಾಕುವ ಕುಂಡವೂ ಬೇಡ. ಕೈ ಮೇಲೆತ್ತಿದರೆ ತಾಗುತ್ತದೆ, ನೀರು ಹಾಕಿದ ದಿನ ತೊಟ್ಟಿಕ್ಕುತ್ತದೆ, ಶವಾಸನದಲ್ಲಿ ಕಣ್ಣು ಮುಚ್ಚಿದರೂ ಹುಕ್ಕಿನ ಮೇಲೇ ಗಮನ ಇರುತ್ತದೆ.

ನೆಲ ನುಣುಪಾದ ಟೈಲ್ಸ್ ಆದರೆ ಇನ್ನೊಂದು ಎಚ್ಚರಿಕೆ. ಕುಂಡದ ಕೆಳಗೆ ಅಂಚು ಎತ್ತರವಿರುವ ತಟ್ಟೆ ಇಡಿ, ನೀರು ಹಾಕುವ ಕೆಲಸವನ್ನು ಅಭ್ಯಾಸ ಮುಗಿದ ಮೇಲೆ ಇಟ್ಟುಕೊಳ್ಳಿ. ಒದ್ದೆ ಟೈಲ್ಸ್ ಮೇಲೆ ಮ್ಯಾಟ್ ಜಾರುತ್ತದೆ.

ಒಟ್ಟು ಎಷ್ಟು ಗಿಡ ಇಟ್ಟರೆ ಚೆನ್ನ?

ಒಂದು ದೊಡ್ಡದು, ಒಂದು ಚಿಕ್ಕದು. ಹತ್ತು ಪುಟಾಣಿ ಕುಂಡಕ್ಕಿಂತ ಮೂರಡಿ ಎತ್ತರದ ಒಂದು ಗಿಡ ಕಣ್ಣಿಗೂ ತಂಪು, ಕೆಲಸವೂ ಕಡಿಮೆ. ಚಿಕ್ಕ ಕುಂಡ ಬೇಗ ಒಣಗುತ್ತದೆ, ದೊಡ್ಡದು ನಿಧಾನ. 1930ರ ದಶಕದಲ್ಲಿ ಯೋಗಗುರು ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದಾಗ ಮೂಲೆಯಲ್ಲಿ ಎಷ್ಟು ಕುಂಡ ಇತ್ತು ಅಂತ ಇವತ್ತು ಯಾರೂ ಕೇಳುವುದಿಲ್ಲ.

ಮನೇಲಿ ಬೆಕ್ಕಿದೆ, ಚಿಕ್ಕ ಮಗು ಇದೆ. ಯಾವುದು ಅಪಾಯ?

ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದಲ್ಲ, ಪತ್ರೊಡೆಗೆ ಹುಣಸೆಹುಳಿ ಹಾಕುವುದೇ ಅದಕ್ಕೆ. ಆ ತುರಿಕೆಗೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟ್ ಅನ್ನುವ ಸೂಜಿಯಂಥ ಹರಳು. ಮನಿ ಪ್ಲಾಂಟ್, ಝೀಝೀ, ಪೀಸ್ ಲಿಲ್ಲಿ, ಅಗ್ಲೋನಿಮಾ, ಸಿಂಗೋನಿಯಂ ಎಲ್ಲವೂ ಕೆಸುವಿನ ಕುಟುಂಬದವೇ, ಎಲ್ಲದರಲ್ಲೂ ಆ ಹರಳಿದೆ. ಅಗಿದರೆ ಬಾಯಿ ಉರಿ, ಜೊಲ್ಲು, ವಾಂತಿ. ಅದೇ ಕುಟುಂಬದ ಡೈಫನ್‌ಬೇಕಿಯಾ ಇನ್ನೂ ಜೋರು, ನಾಲಿಗೆ ಊದಿಕೊಳ್ಳಬಹುದು. ಮಗು ಇರುವ ಮನೆಗೆ ಅದು ಬರಲೇಬಾರದು. ಸ್ನೇಕ್ ಪ್ಲಾಂಟ್ ಬೇರೆ ಕುಟುಂಬ, ಆದರೆ ಬೆಕ್ಕು ನಾಯಿ ತಿಂದರೆ ಅವಕ್ಕೂ ಹೊಟ್ಟೆ ಕೆಡುತ್ತದೆ.

ಧೈರ್ಯವಾಗಿ ಇಡಬಹುದಾದವು ಸ್ಪೈಡರ್ ಪ್ಲಾಂಟ್, ಅರೆಕಾ ಪಾಮ್, ಪೆಪರೋಮಿಯಾ. ಸ್ಪೈಡರ್ ಪ್ಲಾಂಟಿನ ಉದ್ದ ಎಲೆಗಳನ್ನು ಬೆಕ್ಕು ಆಟಕ್ಕೆ ಎಳೆದು ಹಾಕುತ್ತದೆ, ಅದಕ್ಕೇನೂ ಆಗುವುದಿಲ್ಲ, ಗಿಡದ ಅವತಾರ ಮಾತ್ರ ಕೆಡುತ್ತದೆ. ಮಗು ಏನಾದರೂ ಅಗಿದು ಅಳುತ್ತಿದ್ದರೆ ಬಾಯಿ ತೊಳೆಸಿ, ಎಲೆಯ ಚೂರು ಜೊತೆಗೆ ಹಿಡಿದು ಡಾಕ್ಟರ ಹತ್ತಿರ ಹೋಗಿ.

ಗಿಡ ತಂದ ಮೇಲೆ ಪ್ರಾಣಾಯಾಮ ಮಾಡುವಾಗ ಸೀನು ಬರ್ತಿದೆ.

ಮೊದಲು ಮಣ್ಣಿನ ಮೇಲ್ಭಾಗ ನೋಡಿ. ಬಿಳಿ ಬೂಷ್ಟು ಇದ್ದರೆ ನೀರು ಜಾಸ್ತಿಯಾಗಿದೆ, ಅಸ್ತಮಾ ಇರುವವರಿಗೆ ಬೂಷ್ಟಿನಿಂದ ತೊಂದರೆಯಾಗುತ್ತದೆ. ಮೇಲಿನ ಒಂದಿಂಚು ಮಣ್ಣು ತೆಗೆದು ಹಾಕಿ, ಒಣಗಲು ಬಿಡಿ, ಕಿಟಕಿ ತೆರೆದಿಡಿ. ಸಣ್ಣ ಕಪ್ಪು ನೊಣಗಳು ಮುಖದ ಸುತ್ತ ಹಾರುತ್ತಿದ್ದರೆ ಅದಕ್ಕೂ ಒದ್ದೆ ಮಣ್ಣೇ ಕಾರಣ. ಎರಡನೆಯದು ಎಲೆಯ ಧೂಳು. ಊದುಬತ್ತಿ, ಸಾಂಬ್ರಾಣಿ ಹಚ್ಚುವ ಮನೆಯಲ್ಲಿ ಎಲೆಯ ಮೇಲೆ ಹೊಗೆಯ ಪದರ ಕೂರುತ್ತದೆ. ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ಕೈಯಲ್ಲಿ ಎಲೆಯ ಕೆಳಗೆ ಆಸರೆ ಕೊಟ್ಟು. ಹೊಳಪಿಗೆ ಅಂತ ಕೊಬ್ಬರಿ ಎಣ್ಣೆ, ಹಾಲು ಸವರಬೇಡಿ, ಇನ್ನೂ ಜಾಸ್ತಿ ಧೂಳು ಹಿಡಿಯುತ್ತದೆ. ಮಲ್ಲಿಗೆ, ಸುಗಂಧರಾಜದ ಹೂವನ್ನು ಮುಚ್ಚಿದ ರೂಮಲ್ಲಿ ಇಟ್ಟುಕೊಂಡರೆ ಕೆಲವರಿಗೆ ತಲೆನೋವು ಬರುತ್ತದೆ, ಅದನ್ನೂ ಗಮನಿಸಿ.

ಮಣ್ಣು ಯಾವುದು ಹಾಕಬೇಕು? ತಂದ ತಕ್ಷಣ ಕುಂಡ ಬದಲಿಸಬೇಕಾ?

ತಕ್ಷಣ ಬೇಡ. ಹತ್ತು ಹದಿನೈದು ದಿನ ಹೊಸ ಜಾಗಕ್ಕೆ ಹೊಂದಿಕೊಳ್ಳಲಿ. ಬರೀ ಕೆಂಪು ಮಣ್ಣು ತುಂಬಬೇಡಿ, ನಾಲ್ಕೈದು ಸಲ ನೀರು ಬಿದ್ದರೆ ಗಟ್ಟಿಯಾಗಿ ಕೂತು ಬೇರಿಗೆ ಗಾಳಿ ಹೋಗುವುದಿಲ್ಲ. ಬರೀ ಕೊಕೊಪೀಟೂ (ತೆಂಗಿನ ನಾರಿನ ಪುಡಿ) ಬೇಡ, ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತದೆ. ಕೆಂಪು ಮಣ್ಣು, ಕೊಕೊಪೀಟ್, ದಪ್ಪ ಮರಳು ಸಮ ಸಮ ಹಾಕಿ, ಒಂದು ಹಿಡಿ ಎರೆಹುಳು ಗೊಬ್ಬರ ಬೆರೆಸಿ. ಸ್ನೇಕ್ ಪ್ಲಾಂಟ್, ಝೀಝೀಗೆ ಮರಳು ಇನ್ನೂ ಸ್ವಲ್ಪ ಮುಂದಿರಲಿ.

ಕುಂಡ ಬದಲಿಸಲು ಜೂನ್ ಒಳ್ಳೆಯ ತಿಂಗಳು, ಬಿಸಿಲು ಇಳಿದಿರುತ್ತದೆ, ಗಾಳಿಯಲ್ಲಿ ತೇವ ಇರುತ್ತದೆ. 2015ರಿಂದ ಜೂನ್ 21 ಯೋಗ ದಿನ ಆಗಿರುವುದರಿಂದ ಹೊಸದಾಗಿ ಯೋಗ ಶುರು ಮಾಡಿ ಗಿಡ ತರುವವರೂ ಆಗಲೇ ಜಾಸ್ತಿ, ಎರಡೂ ಕೂಡಿಬರುತ್ತದೆ. ಕುಂಡಕ್ಕೆ ತೂತು ಕಡ್ಡಾಯ. ಅಂದದ ಸೆರಾಮಿಕ್ ಕುಂಡಕ್ಕೆ ತೂತಿಲ್ಲದಿದ್ದರೆ ಗಿಡವನ್ನು ಪ್ಲಾಸ್ಟಿಕ್ ಕುಂಡದಲ್ಲೇ ಇಟ್ಟು ಅದರೊಳಗೆ ಇಳಿಸಿ.

ಎಲೆಯ ತುದಿ ಕಂದಾಗುತ್ತಿದೆ. ಬಿಳಿ ಹತ್ತಿ ಥರ ಏನೋ ಅಂಟಿದೆ.

ತುದಿ ಕಂದಾಗುವುದು ಸ್ಪೈಡರ್ ಪ್ಲಾಂಟ್, ಅರೆಕಾದಲ್ಲಿ ಜಾಸ್ತಿ, ಬೋರ್‌ವೆಲ್ಲಿನ ಗಡಸು ನೀರು ಅಥವಾ ಬೇಸಿಗೆಯ ಒಣ ಗಾಳಿ ಕಾರಣ. ಮಳೆ ನೀರು ಸಿಕ್ಕಿದಾಗ ಹಾಕಿ, ತುದಿ ಕತ್ತರಿಸಿ ಬಿಡಿ. ಬಿಳಿ ಹತ್ತಿ ಅಂದರೆ ಹಿಟ್ಟು ತಿಗಣೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಚೆನ್ನಾಗಿ ಕುಲುಕಿ, ಸಂಜೆ ಹೊತ್ತು ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ವಾಸನೆ ಇರುತ್ತದೆ, ಆವತ್ತು ಗಿಡವನ್ನು ಬಾಲ್ಕನಿಯಲ್ಲಿಡಿ.

ಯಾವ ಗಿಡ ತರಲೇಬಾರದು?

ಕೆಲಸ ಕಡಿಮೆ ಬೇಕು ಅನ್ನುವವರು ಕ್ಯಾಲಥಿಯಾ, ಮೇಡನ್‌ಹೇರ್ ಫರ್ನ್, ಫಿಡಲ್ ಲೀಫ್ ಫಿಗ್, ಬೋನ್ಸಾಯ್ ಕಡೆ ನೋಡಬೇಡಿ. ಕ್ಯಾಲಥಿಯಾ ಚಂದವೋ ಚಂದ, ಆದರೆ ಬೆಂಗಳೂರಿನ ಮಾರ್ಚ್ ತಿಂಗಳ ಒಣ ಗಾಳಿಗೆ ಎಲೆ ಸುರುಟಿಕೊಳ್ಳುತ್ತದೆ. ಫಿಡಲ್ ಲೀಫ್ ಜಾಗ ಬದಲಿಸಿದರೂ ಎಲೆ ಉದುರಿಸಿ ಕೂರುತ್ತದೆ. ದಪ್ಪ ಎಲೆಯ ಪುಟಾಣಿ ಸಕ್ಯುಲೆಂಟ್‌ಗಳನ್ನು ಎಲ್ಲರೂ ಗಿಫ್ಟ್ ಕೊಡುತ್ತಾರೆ, ನೆರಳಿನ ರೂಮಲ್ಲಿ ಅವು ಉದ್ದುದ್ದ ಎಳೆದುಕೊಂಡು ಬಾಗಿ ಹೋಗುತ್ತವೆ. ಪೀಸ್ ಲಿಲ್ಲಿ ನಡುವಿನದು. ನೀರು ಕಡಿಮೆಯಾದರೆ ಜೋತು ಬಿದ್ದು ನಾಟಕ ಮಾಡುತ್ತದೆ, ನೀರು ಹಾಕಿದರೆ ಕೆಲವೇ ಗಂಟೆಯಲ್ಲಿ ಎದ್ದು ನಿಲ್ಲುತ್ತದೆ. ಮರೆಯುವ ಸ್ವಭಾವದವರಿಗೆ ನೆನಪಿಸಲು ಇದು ಒಂದು ರೀತಿ ಒಳ್ಳೆಯದೇ.

ವಾಸ್ತು ಪ್ರಕಾರ ಎಲ್ಲಿಡಬೇಕು?

ಅದು ನಿಮ್ಮ ನಂಬಿಕೆ, ನಾನು ಬೇಡ ಅನ್ನುವುದಿಲ್ಲ. ವಾಸ್ತು ಹೇಳಿದ ದಿಕ್ಕಿನಲ್ಲಿ ಕೈ ನೆರಳು ಬಿದ್ದರೆ ಇಡಿ, ಬೀಳದಿದ್ದರೆ ಗಿಡಕ್ಕೆ ವಾಸ್ತು ಗೊತ್ತಿಲ್ಲ.

ನಾವು ಮಂಗಳೂರಿನವರು, ನಮಗೂ ಇದೇ ಲೆಕ್ಕವಾ? ಕಲಬುರಗಿಯ ಬಿಸಿಲಿಗೆ?

ಕರಾವಳಿಯಲ್ಲಿ ಗಾಳಿಯೇ ಒದ್ದೆ, ನೀರು ಇನ್ನೂ ಕಡಿಮೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ನೇಕ್ ಪ್ಲಾಂಟನ್ನು ಮುಟ್ಟದೇ ಇದ್ದರೂ ನಡೆಯುತ್ತದೆ. ಬೂಷ್ಟಿನ ಕಾಟ ಹೆಚ್ಚು, ಫ್ಯಾನಿನ ಗಾಳಿ ಗಿಡಕ್ಕೂ ಸ್ವಲ್ಪ ತಾಗಲಿ. ಅಲ್ಲಿನವರಿಗೆ ಒಂದು ಲಾಭ ಇದೆ, ಬೆಂಗಳೂರಿನಲ್ಲಿ ಗೋಳಾಡಿಸುವ ಫರ್ನ್, ವೀಳ್ಯದೆಲೆ, ಕ್ಯಾಲಥಿಯಾ ನಿಮ್ಮಲ್ಲಿ ಸುಲಭವಾಗಿ ಬರುತ್ತವೆ.

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಅರೆಕಾ ಆಗ ಕಷ್ಟಪಡುತ್ತದೆ, ಸ್ನೇಕ್ ಪ್ಲಾಂಟ್ ತಡೆದುಕೊಳ್ಳುತ್ತದೆ. ಕುಂಡವನ್ನು ಕಾದ ಗೋಡೆಗೆ ಒರಗಿಸಬೇಡಿ, ಕೂಲರಿನ ನೇರ ಗಾಳಿಗೂ ಇಡಬೇಡಿ. ನೀರು ಬೆಳಗಿನ ಜಾವ ಹಾಕಿ, ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುವಷ್ಟು ಕಾದಿರುತ್ತದೆ.

ಎಲ್ಲಿ ಕೊಳ್ಳೋದು? ಏನು ನೋಡಿ ಕೊಳ್ಳೋದು?

ಬೆಂಗಳೂರಾದರೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಿಗೆ ಒಂದು ಸುತ್ತು ಹೋಗಿ. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ಹೊತ್ತಿನಲ್ಲಿ ಲಾಲ್‌ಬಾಗಿನಲ್ಲೂ ಗಿಡ ಸಿಗುತ್ತವೆ, ಆದರೆ ಆ ಜನಜಂಗುಳಿಯಲ್ಲಿ ಮೂರಡಿ ಗಿಡ ಹೊತ್ತು ಬರುವುದು ಬೇರೆಯೇ ಆಸನ. ಬೇರೆ ಊರುಗಳಲ್ಲಿ ತೋಟಗಾರಿಕೆ ಇಲಾಖೆಯ ನರ್ಸರಿ ವಿಚಾರಿಸಿ, ಬೆಲೆ ಕಡಿಮೆ. ಮಾಲ್‌ಗಳಲ್ಲಿ ನೀವು ಹೆಚ್ಚಾಗಿ ದುಡ್ಡು ಕೊಡುವುದು ಗಿಡಕ್ಕಲ್ಲ, ಕುಂಡಕ್ಕೆ.

ಕೊಳ್ಳುವಾಗ ಎಲೆ ತಿರುಗಿಸಿ ಕೆಳಭಾಗ ನೋಡಿ, ಕೀಟ ಅಡಗುವುದು ಅಲ್ಲೇ. ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಲೊಡಲೊಡ ಅಂದರೆ ಬೇರು ಹಿಡಿದಿಲ್ಲ. ಹೂವಿನ ಬದಲು ಹೊಸ ಚಿಗುರು ಇದೆಯಾ ನೋಡಿ. ಫಳಫಳ ಹೊಳೆಯುವ ಎಲೆಗೆ ಮರುಳಾಗಬೇಡಿ, ಸ್ಪ್ರೇ ಹೊಡೆದಿರಬಹುದು.

ರೂಮಿಗೆ ಕಿಟಕಿಯೇ ಇಲ್ಲ. ಪ್ಲಾಸ್ಟಿಕ್ ಗಿಡ ಇಡಲಾ?

ಇಡಬಹುದು, ತಪ್ಪೇನಿಲ್ಲ, ಆದರೆ ಅದನ್ನೂ ಒರೆಸಬೇಕು. ಇನ್ನೆರಡು ದಾರಿ ಇದೆ. ಎರಡು ಸ್ನೇಕ್ ಪ್ಲಾಂಟ್ ತಂದು, ಒಂದು ಬಾಲ್ಕನಿಯ ನೆರಳಲ್ಲಿ, ಒಂದು ರೂಮಲ್ಲಿ ಇಟ್ಟು ಎರಡು ವಾರಕ್ಕೊಮ್ಮೆ ಅದಲು ಬದಲು ಮಾಡಿ. ಇಲ್ಲವಾದರೆ ಗಿಡದ ಮೇಲೆ ಒಂದೆರಡು ಅಡಿ ಎತ್ತರದಲ್ಲಿ ಬಿಳಿ ಎಲ್‌ಇಡಿ ದೀಪ ಹಾಕಿ, ದಿನಕ್ಕೆ ಹತ್ತು ಹನ್ನೆರಡು ಗಂಟೆ ಉರಿಯಲಿ. ಅದಲು ಬದಲಿನ ದಾರಿ ನನಗೆ ಇಷ್ಟ, ಕರೆಂಟ್ ಬಿಲ್ಲಿಲ್ಲ.

ದಸರಾ ರಜೆಗೆ ಹದಿನೈದು ದಿನ ಊರಿಗೆ ಹೋಗ್ತೀವಿ. ಗಿಡದ ಗತಿ?

ಸ್ನೇಕ್ ಪ್ಲಾಂಟ್, ಝೀಝೀಗೆ ಏನೂ ಮಾಡಬೇಡಿ, ಹೊರಡುವ ದಿನ ನೀರೂ ಬೇಡ. ಮನಿ ಪ್ಲಾಂಟ್, ಸ್ಪೈಡರ್, ಅರೆಕಾಗೆ ಹಿಂದಿನ ದಿನ ಚೆನ್ನಾಗಿ ನೀರು ಹಾಕಿ, ತಟ್ಟೆಯ ನೀರು ಚೆಲ್ಲಿ, ಕಿಟಕಿಯಿಂದ ಮೂರ್ನಾಲ್ಕು ಅಡಿ ಒಳಗಿಡಿ. ಪರದೆ ಪೂರ್ತಿ ಎಳೆದು ಕತ್ತಲು ಮಾಡಬೇಡಿ. ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಹೋಗುವುದಾದರೆ "ಒಂದೇ ಸಲ, ಒಂದೇ ಲೋಟ" ಅಂತ ಚೀಟಿ ಅಂಟಿಸಿ, ಪ್ರೀತಿಯಿಂದ ದಿನಾ ಹಾಕಿಬಿಡುತ್ತಾರೆ. ವಾಪಸ್ ಬಂದಾಗ ಜೋತು ಬಿದ್ದಿದ್ದರೆ ಗಾಬರಿಯಾಗಿ ಬಕೆಟ್ ಸುರಿಯಬೇಡಿ. ಸ್ವಲ್ಪ ಹಾಕಿ, ಅರ್ಧ ಗಂಟೆ ಬಿಟ್ಟು ಇನ್ನು ಸ್ವಲ್ಪ ಹಾಕಿ. ಪೂರ್ತಿ ಒಣಗಿದ ಕೊಕೊಪೀಟ್ ಮೊದಲ ಸಲಕ್ಕೆ ನೀರು ಹೀರುವುದಿಲ್ಲ, ಎಲ್ಲ ಅಂಚಿನಿಂದ ಕೆಳಗಿಳಿದು ಹೋಗುತ್ತದೆ.